ಟ್ರೇಸಿಂಗ್ ಕೋಡ್‌ನಲ್ಲಿ ಕರ್ನಲ್ ಮತ್ತು ಯೂಸರ್ ಮೆಮೊರಿಯನ್ನು ಸುರಕ್ಷಿತವಾಗಿ ಓದುವ ಕ್ರಮ

ಓಡುತ್ತಿರುವ ಲಿನಕ್ಸ್ ಯಂತ್ರದ ಒಳಗನ್ನು ಇಬಿಪಿಎಫ್ (ಚಿಕ್ಕ ಪ್ರೋಗ್ರಾಮ್‌ಗಳನ್ನು ಕರ್ನಲ್‌ನೊಳಗೇ ಓಡಿಸುವ ಏರ್ಪಾಡು) ಮೂಲಕ ನೋಡಹೊರಟವರಿಗೆ ಪ್ರೋಬ್, ಅಂದರೆ ಆಯ್ದ ಜಾಗ ಬಂದಾಗ ನಮ್ಮ ಕೋಡ್ ಓಡಿಸುವ ಕೊಕ್ಕೆ, ಜೋಡಿಸುವುದು ಕಷ್ಟದ ಕೆಲಸವಲ್ಲ. ಕಷ್ಟ ಶುರುವಾಗುವುದು ಆ ಪ್ರೋಬ್ ಕೈಗೆ ಕೊಡುವ ಪಾಯಿಂಟರ್‌ನಿಂದ. ನಮಗೆ ಬೇಕಾಗಿರುವುದು ತೆರೆಯಲಿರುವ ಫೈಲ್‌ನ ಹೆಸರೋ ಸಂಪರ್ಕಿಸಲಿರುವ ಐಪಿ ವಿಳಾಸವೋ ಆಗಿರುತ್ತದೆ, ಸಿಗುವುದು ಮಾತ್ರ 64 ಬಿಟ್‌ಗಳ ಒಂದು ಸಂಖ್ಯೆ. ಆ ಸಂಖ್ಯೆ ಕರ್ನಲ್‌ನ ಮೆಮೊರಿಯನ್ನು ಸೂಚಿಸುತ್ತಿರಬಹುದು, ಒಂದು ಪ್ರೊಸೆಸ್‌ನ ಮೆಮೊರಿಯನ್ನು ಸೂಚಿಸುತ್ತಿರಬಹುದು, ಡಿಸ್ಕ್‌ನಿಂದ ಇನ್ನೂ ಒಳಗೆ ಬಾರದ ಪೇಜ್ ಒಂದನ್ನು ಸೂಚಿಸುತ್ತಿರಬಹುದು, ಅಥವಾ ಯಾರೋ ತಪ್ಪಾಗಿ ಕೊಟ್ಟ ಕಸವೇ ಆಗಿರಬಹುದು.

ಇಂಥ ಪಾಯಿಂಟರ್ ಅನ್ನು ನೇರವಾಗಿ ಓದಿದರೆ ಯಂತ್ರವೇ ಕ್ರ್ಯಾಶ್ ಆದೀತೆಂಬ ಭಯ ಕರ್ನಲ್ ಮಾಡ್ಯೂಲ್ ಬರೆಯುವವರಿಗೆ ಸಹಜ. ಇಬಿಪಿಎಫ್‌ನಲ್ಲಿ ಆ ಭಾರವನ್ನು ವೆರಿಫೈಯರ್ (ಪ್ರೋಗ್ರಾಮ್ ಅನ್ನು ಲೋಡ್ ಮಾಡುವ ಮೊದಲು ಪರಿಶೀಲಿಸುವ ಭಾಗ) ಮತ್ತು ಪ್ರೋಗ್ರಾಮ್‌ಗಳು ಕರೆಯಲೆಂದು ಕರ್ನಲ್ ಒದಗಿಸುವ ಹೆಲ್ಪರ್ ಫಂಕ್ಷನ್‌ಗಳು ಬಹುಮಟ್ಟಿಗೆ ಹೊತ್ತಿವೆ. ಉಳಿಯುವ ಅಪಾಯ ಬೇರೆ ಬಗೆಯದು: ಯಂತ್ರ ನಿಲ್ಲುವುದಿಲ್ಲ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ಆದರೆ ವರದಿಯಲ್ಲಿ ಖಾಲಿ ಹೆಸರುಗಳು, ಹಿಂದಿನ ಘಟನೆಯ ಬೈಟ್‌ಗಳು, ಬೇರೊಂದು ಪ್ರೊಸೆಸ್‌ನ ಮಾಹಿತಿ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಈ ಎರಡನೆಯ ಅಪಾಯವನ್ನು ಕುರಿತವು. ಸಿ ಭಾಷೆ ಮತ್ತು ಸಿಸ್ಟಮ್ ಕಾಲ್‌ಗಳ ಸಾಮಾನ್ಯ ಪರಿಚಯ ಓದುಗರಿಗೆ ಇದೆ ಎಂದು ಇಟ್ಟುಕೊಂಡಿದ್ದೇನೆ.

1. ಪಾಯಿಂಟರ್ ಯಾವ ಕಡೆಯದು ಎಂಬುದನ್ನು ಅದರ ಮೂಲದಿಂದ ತಿಳಿಯಿರಿ

ನಾಲ್ಕು ಹಂತದ ಪೇಜ್ ಟೇಬಲ್ ಇರುವ 64 ಬಿಟ್ ಎಕ್ಸ್86 ಯಂತ್ರದಲ್ಲಿ ಕೆಳಗಿನ 128 ಟೆರಾಬೈಟ್ ವಿಳಾಸಗಳು ಯೂಸರ್ ಪ್ರೊಸೆಸ್‌ಗೂ ಮೇಲಿನ 128 ಟೆರಾಬೈಟ್ ಕರ್ನಲ್‌ಗೂ ಮೀಸಲಾಗಿದ್ದು, ನಡುವಿನ ಬಹುದೊಡ್ಡ ಭಾಗ ಯಾರ ಬಳಕೆಗೂ ಸಿಗುವುದಿಲ್ಲ. ಆದ್ದರಿಂದ ಸಂಖ್ಯೆಯ ಮೇಲಿನ ಬಿಟ್ ನೋಡಿಯೇ ಕಡೆಯನ್ನು ತೀರ್ಮಾನಿಸಿಬಿಡಬಹುದು ಎನ್ನಿಸುತ್ತದೆ. ಹಾಗೆ ಮಾಡಬಾರದು. ಎಸ್390 ಬಗೆಯ ಐಬಿಎಂ ಮೇನ್‌ಫ್ರೇಮ್ ಯಂತ್ರಗಳಲ್ಲಿ ಕರ್ನಲ್ ಮತ್ತು ಯೂಸರ್ ವಿಳಾಸಗಳು ಪ್ರತ್ಯೇಕ ಆವರಣಗಳಲ್ಲಿರುವುದರಿಂದ ಒಂದೇ ಸಂಖ್ಯೆ ಎರಡೂ ಕಡೆ ಸರಿಯಾದ ವಿಳಾಸವಾಗಿರಬಲ್ಲದು. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ಫೈಲ್ ಹೆಸರಿನ ಜಾಗದಲ್ಲಿ ಒಂದು ಪ್ರೊಸೆಸ್ ಬೇಕೆಂದೇ ಕರ್ನಲ್ ವಿಳಾಸವನ್ನು ಕೊಡಬಹುದು. ಸಿಸ್ಟಮ್ ಕಾಲ್ ಅದನ್ನು ತಿರಸ್ಕರಿಸುತ್ತದೆ. ಆದರೆ ಸಂಖ್ಯೆಯನ್ನು ನೋಡಿ ಕಡೆ ಆರಿಸುವ ಟ್ರೇಸಿಂಗ್ ಕೋಡ್, ಕರ್ನಲ್‌ನ ಒಳಗಿನ ಬೈಟ್‌ಗಳನ್ನು ಫೈಲ್ ಹೆಸರೆಂದು ಲಾಗ್‌ನಲ್ಲಿ ಬರೆದುಬಿಡುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ, ಈ ಪಾಯಿಂಟರ್ ಎಲ್ಲಿಂದ ಬಂತು ಎಂಬುದು. ಸಿಸ್ಟಮ್ ಕಾಲ್‌ಗೆ ಪ್ರೊಸೆಸ್ ಕೊಟ್ಟ ಪಾಯಿಂಟರ್ ಯಾವಾಗಲೂ ಯೂಸರ್ ಕಡೆಯದು. ಕರ್ನಲ್ ಮೂಲ ಕೋಡ್‌ನಲ್ಲಿ ಇಂಥ ಪಾಯಿಂಟರ್‌ಗಳ ಘೋಷಣೆಯಲ್ಲಿ ಎರಡು ಅಂಡರ್‌ಸ್ಕೋರ್‌ಗಳೊಂದಿಗೆ ‘ಯೂಸರ್’ ಎಂಬ ಗುರುತು ಇರುತ್ತದೆ. ಪ್ರೋಬ್ ಹಾಕುವ ಮೊದಲು ಆ ಘೋಷಣೆಯನ್ನು ತೆರೆದು ನೋಡುವುದು ಅಭ್ಯಾಸವಾಗಬೇಕು. ಫೈಲ್ ಹೆಸರನ್ನು ಕರ್ನಲ್ ತನ್ನೊಳಗೆ ಹಿಡಿದಿಡುವ ‘ಸ್ಟ್ರಕ್ಟ್ ಫೈಲ್‌ನೇಮ್’ ಎಂಬ ರಚನೆಯನ್ನೇ ನೋಡಿ. ಅದರಲ್ಲಿ ‘ನೇಮ್’ ಎಂಬ ಸದಸ್ಯ ಕರ್ನಲ್ ಮಾಡಿಕೊಂಡ ಪ್ರತಿಯನ್ನು ಸೂಚಿಸಿದರೆ, ಪಕ್ಕದ ‘ಯುಪಿಟಿಆರ್’ ಪ್ರೊಸೆಸ್ ಕೊಟ್ಟ ಮೂಲ ಪಾಯಿಂಟರ್ ಅನ್ನು ಹಾಗೇ ಇಟ್ಟುಕೊಂಡಿರುತ್ತದೆ. ಒಂದೇ ರಚನೆ, ಅಕ್ಕಪಕ್ಕದ ಎರಡು ಪಾಯಿಂಟರ್‌ಗಳು, ಬೇರೆ ಬೇರೆ ಕಡೆ.

ಗುರುತು ಇಲ್ಲದ ಕಡೆಯೂ ಎಚ್ಚರ ಬೇಕು. ಪ್ರೊಸೆಸ್‌ನ ಮೆಮೊರಿ ವಿವರಣೆಯಲ್ಲಿರುವ ‘ಆರ್ಗ್_ಸ್ಟಾರ್ಟ್’ ಯೂಸರ್ ವಿಳಾಸವೇ ಆದರೂ ಬರೀ ಪೂರ್ಣಾಂಕವಾಗಿ ಘೋಷಿತವಾಗಿದೆ. ಕನೆಕ್ಟ್ ಕರೆಗೆ ಬರುವ ಸಾಕೆಟ್ ವಿಳಾಸ ಮೊದಲು ಯೂಸರ್ ಕಡೆಯದಾಗಿದ್ದು, ಕರ್ನಲ್ ಅದನ್ನು ಒಳಗೆ ನಕಲು ಮಾಡಿಕೊಂಡ ನಂತರ ‘ಸೆಕ್ಯುರಿಟಿ_ಸಾಕೆಟ್_ಕನೆಕ್ಟ್’ ತಲುಪುವಾಗ ಕರ್ನಲ್ ಪಾಯಿಂಟರ್ ಆಗಿರುತ್ತದೆ. ಎರಡೂ ಕಡೆ ಆರ್ಗ್ಯುಮೆಂಟ್‌ನ ವಿಧ ಮೇಲ್ನೋಟಕ್ಕೆ ಒಂದೇ.

ಹೊಸಬರು ಹೆಚ್ಚಾಗಿ ಎಡವುವ ಜಾಗ ಇನ್ನೊಂದು. 64 ಬಿಟ್ ಎಕ್ಸ್86ನಲ್ಲಿ ಲಿನಕ್ಸ್ 4.17ರಿಂದ ಸಿಸ್ಟಮ್ ಕಾಲ್ ಫಂಕ್ಷನ್‌ಗಳು ಆರ್ಗ್ಯುಮೆಂಟ್‌ಗಳನ್ನು ಬಿಡಿಬಿಡಿಯಾಗಿ ಪಡೆಯುವುದಿಲ್ಲ. ರಿಜಿಸ್ಟರ್‌ಗಳನ್ನು ಉಳಿಸಿಟ್ಟ ರಚನೆಯ ಒಂದೇ ಪಾಯಿಂಟರ್ ಅನ್ನು ಪಡೆಯುತ್ತವೆ. ಅಂದರೆ ‘ಎಕ್ಸ್64_ಸಿಸ್_ಓಪನ್‌ಎಟ್’ ಮೇಲೆ ಕೆಪ್ರೋಬ್ (ಕರ್ನಲ್ ಫಂಕ್ಷನ್‌ಗೆ ಹಾಕುವ ಪ್ರೋಬ್) ಹಾಕಿದವರು ಮೊದಲು ಕರ್ನಲ್ ಮೆಮೊರಿಯಿಂದ ಉಳಿಸಿಟ್ಟ ರಿಜಿಸ್ಟರ್‌ನ ಬೆಲೆಯನ್ನು ಓದಬೇಕು, ಆಮೇಲೆ ಆ ಬೆಲೆಯನ್ನು ಯೂಸರ್ ವಿಳಾಸವೆಂದು ಹಿಡಿದು ಹೆಸರನ್ನು ಓದಬೇಕು. ಇಬಿಪಿಎಫ್ ಪ್ರೋಗ್ರಾಮ್‌ಗಳ ಲೈಬ್ರರಿಯಾದ ಲಿಬ್‌ಬಿಪಿಎಫ್‌ನ ಕೆ-ಸಿಸ್‌ಕಾಲ್ ಮ್ಯಾಕ್ರೊ ಮೊದಲನೆಯ ಓದನ್ನು ನಮ್ಮ ಪರವಾಗಿ ಮಾಡಿಕೊಡುತ್ತದೆ. ಸಿಸ್ಟಮ್ ಕಾಲ್ ಶುರುವಾಗುವಲ್ಲಿ ಟ್ರೇಸಿಂಗ್‌ಗೆಂದೇ ಕರ್ನಲ್ ಇಟ್ಟಿರುವ ‘ಸಿಸ್_ಎಂಟರ್’ ಟ್ರೇಸ್‌ಪಾಯಿಂಟ್ ಬಳಸಿದರೆ ಈ ತೊಡಕೇ ಇಲ್ಲ. ಸಾಧ್ಯವಿದ್ದಾಗಲೆಲ್ಲ ನನ್ನ ಆಯ್ಕೆ ಅದೇ.

2. ಕಡೆಗೆ ತಕ್ಕ ಹೆಲ್ಪರ್ ಆರಿಸಿ

2015ರ ಲಿನಕ್ಸ್ 4.1ರಲ್ಲಿ ಬಂದ ‘ಬಿಪಿಎಫ್_ಪ್ರೋಬ್_ರೀಡ್’ ಕಡೆಯನ್ನು ಕೇಳುತ್ತಲೇ ಇರಲಿಲ್ಲ. ಎಕ್ಸ್86ನಲ್ಲಿ ಅದು ಎರಡೂ ಬಗೆಯ ವಿಳಾಸಗಳನ್ನು ಓದಿಬಿಡುತ್ತಿದ್ದುದರಿಂದ ತಪ್ಪು ಕೋಡ್ ಕೂಡ ಸರಿಯಾಗಿ ನಡೆಯುವಂತೆ ಕಾಣುತ್ತಿತ್ತು. 2020ರ ಜನವರಿಯಲ್ಲಿ ಬಿಡುಗಡೆಯಾದ 5.5ರಲ್ಲಿ ‘ಪ್ರೋಬ್_ರೀಡ್_ಯೂಸರ್’ ಮತ್ತು ‘ಪ್ರೋಬ್_ರೀಡ್_ಕರ್ನಲ್’ ಎಂದು ಎರಡಾಗಿ, ಎರಡಕ್ಕೂ ಸ್ಟ್ರಿಂಗ್ ಓದುವ ಜೊತೆ ಫಂಕ್ಷನ್‌ಗಳೊಂದಿಗೆ, ಈ ಕೆಲಸ ಬೇರ್ಪಟ್ಟಿತು. ಎರಡು ವಿಳಾಸ ಆವರಣಗಳು ಒಂದರ ಮೇಲೊಂದು ಬೀಳುವ ಯಂತ್ರಗಳಲ್ಲಿ ಹಳೆಯ ಹೆಲ್ಪರ್ ಈಗ ದೊರೆಯುವುದೇ ಇಲ್ಲ. ಹೊಸ ಕೋಡ್‌ನಲ್ಲಿ ಅದನ್ನು ಬಳಸಲು ಯಾವ ಕಾರಣವೂ ಉಳಿದಿಲ್ಲ.

ಇಬಿಪಿಎಫ್ ಬರೆಯದೆ ಕರ್ನಲ್‌ನದೇ ಟ್ರೇಸಿಂಗ್ ಸೌಲಭ್ಯವಾದ ಎಫ್‌ಟ್ರೇಸ್‌ನ ಕೆಪ್ರೋಬ್ ಈವೆಂಟ್‌ಗಳನ್ನೇ ಬಳಸುವವರಿಗೂ ಇದೇ ವಿಭಜನೆ ಇದೆ. ಅಲ್ಲಿ ಯೂಸರ್ ಸ್ಟ್ರಿಂಗ್‌ಗೆ ‘ಯುಸ್ಟ್ರಿಂಗ್’ ಎಂಬ ಪ್ರತ್ಯೇಕ ವಿಧವೂ, ಯೂಸರ್ ವಿಳಾಸದ ಮೂಲಕ ಓದಲು ಆಫ್‌ಸೆಟ್‌ನ ಮುಂದೆ ಯು ಅಕ್ಷರವೂ 5.3ರಿಂದ ಇವೆ. ಓದಲಾಗದಿದ್ದರೆ ಬೆಲೆಯ ಜಾಗದಲ್ಲಿ ‘ಫಾಲ್ಟ್’ ಎಂದು ಅಚ್ಚಾಗುತ್ತದೆ. ಇಬಿಪಿಎಫ್ ಅನ್ನು ಚಿಕ್ಕ ಸ್ಕ್ರಿಪ್ಟ್‌ಗಳಿಂದ ಬಳಸಲು ಬರುವ ಬಿಪಿಎಫ್‌ಟ್ರೇಸ್‌ನಲ್ಲಿ ‘ಯುಪಿಟಿಆರ್’ ಮತ್ತು ‘ಕೆಪಿಟಿಆರ್’ ಎಂಬ ಫಂಕ್ಷನ್‌ಗಳಿಂದ ಕಡೆಯನ್ನು ಸ್ಪಷ್ಟಪಡಿಸಬಹುದು.

ಈ ಹೆಲ್ಪರ್‌ಗಳ ಒಳಗೆ ನಡೆಯುವುದು ಸರಳ. ಓದುವ ಮೊದಲು ಪೇಜ್ ಫಾಲ್ಟ್ (ಮೆಮೊರಿಯಲ್ಲಿ ಸಿಗದ ಪೇಜ್ ಅನ್ನು ಮುಟ್ಟಿದಾಗ ಏಳುವ ತಡೆ) ನಿರ್ವಹಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗುತ್ತದೆ. ಯೂಸರ್ ಕಡೆಯ ಓದಾದರೆ ವಿಳಾಸ ಯೂಸರ್ ವ್ಯಾಪ್ತಿಯೊಳಗಿದೆಯೇ ಎಂಬ ಪರಿಶೀಲನೆ ನಡೆಯುತ್ತದೆ. ಓದುವ ಸೂಚನೆಯಲ್ಲಿ ಫಾಲ್ಟ್ ಎದ್ದರೆ, ಕರ್ನಲ್ ತನ್ನ ಎಕ್ಸೆಪ್ಶನ್ ಟೇಬಲ್‌ನಲ್ಲಿ ಆ ಸೂಚನೆಯ ವಿಳಾಸವನ್ನು ಹುಡುಕಿ, ಅಲ್ಲಿ ಬರೆದಿರುವ ಪರ್ಯಾಯ ಜಾಗಕ್ಕೆ ಜಿಗಿದು, ದೋಷ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಪೇಜ್ ಅನ್ನು ಒಳಗೆ ತರುವ ಪ್ರಯತ್ನ ನಡೆಯುವುದಿಲ್ಲ, ಏಕೆಂದರೆ ಅದಕ್ಕಾಗಿ ಕಾಯಬೇಕಾಗಬಹುದು, ಮತ್ತು ಪ್ರೋಬ್ ಓಡುವ ಸಂದರ್ಭದಲ್ಲಿ ಕಾಯುವುದು ಸಾಮಾನ್ಯವಾಗಿ ನಿಷಿದ್ಧ. ಮುಂದೆ ಬರುವ ಅರ್ಧ ತೊಂದರೆಗಳ ಬೇರು ಇಲ್ಲಿದೆ.

ಒಂದು ಮಿತಿಯನ್ನು ಇಲ್ಲೇ ಹೇಳಿಬಿಡಬೇಕು. ಈ ಏರ್ಪಾಡು ಕಾಯುವುದು ಫಾಲ್ಟ್‌ನಿಂದ ಮಾತ್ರ. ಸಾಧನವೊಂದರ ರಿಜಿಸ್ಟರ್‌ಗಳಿಗೆ ಮ್ಯಾಪ್ ಆದ ಕರ್ನಲ್ ವಿಳಾಸವನ್ನು ಓದಿದರೆ ಫಾಲ್ಟ್ ಏಳದೆಯೇ ಆ ಸಾಧನದ ಸ್ಥಿತಿ ಬದಲಾಗಬಹುದು. ಊಹಿಸಿದ ಕರ್ನಲ್ ವಿಳಾಸಗಳನ್ನು ಓದುವ ಪ್ರಯೋಗಕ್ಕೆ ಕೈಹಾಕದಿರುವುದು ಲೇಸು.

3. ಹಿಂತಿರುಗಿದ ಬೆಲೆಯನ್ನು ನೋಡದೆ ಮುಂದೆ ಹೋಗಬೇಡಿ

ಓದು ಯಶಸ್ವಿಯಾದರೆ ಹೆಲ್ಪರ್ ಸೊನ್ನೆಯನ್ನೂ, ವಿಫಲವಾದರೆ ಋಣ ಸಂಖ್ಯೆಯನ್ನೂ ಕೊಡುತ್ತದೆ. ಸಾಮಾನ್ಯವಾಗಿ ಕಾಣುವುದು ಇಫಾಲ್ಟ್ ಎಂಬ ದೋಷದ -14. ವಿಫಲವಾದಾಗ ಗುರಿ ಬಫರ್ ಪೂರ್ತಿ ಸೊನ್ನೆಯಾಗುತ್ತದೆ. ಕಸದ ಬೈಟ್‌ಗಳು ಹೊರಹೋಗದಂತೆ ಮಾಡಿದ ಒಳ್ಳೆಯ ಏರ್ಪಾಡೇ ಇದು, ಆದರೆ ಹಿಂತಿರುಗಿದ ಬೆಲೆಯನ್ನು ಕಡೆಗಣಿಸಿದವರಿಗೆ ಸೊನ್ನೆ ಪೋರ್ಟ್, ಸೊನ್ನೆ ಬಳಕೆದಾರ ಸಂಖ್ಯೆ, ಖಾಲಿ ಹೆಸರು ಇವೆಲ್ಲ ನಿಜವಾದ ಮಾಹಿತಿಯಂತೆಯೇ ಕಾಣುತ್ತವೆ. ಬಳಕೆದಾರ ಸಂಖ್ಯೆ ಸೊನ್ನೆ ಎಂದರೆ ರೂಟ್ ಎಂಬುದನ್ನು ನೆನೆದರೆ ಇದು ಎಷ್ಟು ದಾರಿ ತಪ್ಪಿಸಬಲ್ಲದು ಎಂದು ತಿಳಿಯುತ್ತದೆ.

ನಾನು ಸೂಚಿಸುವ ಕ್ರಮವೆಂದರೆ, ಹೊರಗೆ ಕಳುಹಿಸುವ ಪ್ರತಿ ದಾಖಲೆಯಲ್ಲೂ ಓದಿನ ಫಲಿತಾಂಶಕ್ಕೆಂದೇ ಒಂದು ಸದಸ್ಯವನ್ನು ಇಡುವುದು, ಮತ್ತು ವಿಫಲ ಓದುಗಳನ್ನು ಎಣಿಸುವ ಒಂದು ಮ್ಯಾಪ್ (ಇಬಿಪಿಎಫ್ ಪ್ರೋಗ್ರಾಮ್ ಮಾಹಿತಿ ಇಡುವ ಕೋಷ್ಟಕ) ಅನ್ನೂ ಜೊತೆಗಿಡುವುದು. ತೋರಿಸುವ ಉಪಕರಣ ಖಾಲಿ ಹೆಸರಿನ ಬದಲು ‘ಓದಲಾಗಲಿಲ್ಲ’ ಎಂದು ಬರೆಯಲಿ.

4. ಪೇಜ್ ಇನ್ನೂ ಒಳಗೆ ಬಂದಿಲ್ಲದ ಸಂದರ್ಭಕ್ಕೆ ಸಿದ್ಧರಾಗಿ

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಈ ಹಂತ. ಒಂದು ಪ್ರೋಗ್ರಾಮ್ ತನ್ನ ಕೋಡ್‌ನಲ್ಲೇ ಬರೆದ ಸ್ಥಿರ ಸ್ಟ್ರಿಂಗ್ ಅನ್ನು ಫೈಲ್ ಹೆಸರಾಗಿ ಓಪನ್‌ಎಟ್‌ಗೆ ಕೊಡುತ್ತದೆ ಎಂದುಕೊಳ್ಳಿ. ಆ ಸ್ಟ್ರಿಂಗ್ ಇರುವುದು ಎಕ್ಸಿಕ್ಯೂಟಬಲ್ ಫೈಲ್‌ನಿಂದ ಮ್ಯಾಪ್ ಆದ, ಓದಲು ಮಾತ್ರ ಬರುವ ಪೇಜ್‌ನಲ್ಲಿ. ಪ್ರೋಗ್ರಾಮ್ ಆ ಪೇಜ್ ಅನ್ನು ಇದುವರೆಗೆ ಮುಟ್ಟಿಯೇ ಇಲ್ಲ. ಅದು ಮಾಡಿರುವುದು ಸ್ಟ್ರಿಂಗ್‌ನ ವಿಳಾಸವನ್ನು ರಿಜಿಸ್ಟರ್‌ಗೆ ತುಂಬಿದ್ದಷ್ಟೇ. ಪ್ರವೇಶದ ಪ್ರೋಬ್‌ನಲ್ಲಿ ನಾವು ಓದಹೋದರೆ ಪೇಜ್ ಟೇಬಲ್‌ನಲ್ಲಿ ಅದಕ್ಕೆ ನಮೂದು ಇರುವುದಿಲ್ಲ, ಆದ್ದರಿಂದ -14 ಬರುತ್ತದೆ. ಮರುಕ್ಷಣ ಕರ್ನಲ್ ತನ್ನ ಸಾಮಾನ್ಯ ದಾರಿಯಲ್ಲಿ ಅದೇ ಹೆಸರನ್ನು ಓದುವಾಗ ಪೇಜ್ ಫಾಲ್ಟ್ ಏಳುತ್ತದೆ, ಪೇಜ್ ಒಳಗೆ ಬರುತ್ತದೆ, ಫೈಲ್ ಯಾವ ತಕರಾರೂ ಇಲ್ಲದೆ ತೆರೆಯುತ್ತದೆ. ಎರಡನೆಯ ಸಲ ಅದೇ ಹೆಸರನ್ನು ಬಳಸಿದಾಗ ನಮ್ಮ ಪ್ರೋಬ್ ಕೂಡ ಓದಿಬಿಡುತ್ತದೆ. ಕೆಲವೊಮ್ಮೆ ಮಾತ್ರ, ಅದೂ ಮೊದಲ ಕರೆಯಲ್ಲೇ, ಹೆಸರು ಖಾಲಿಯಾಗಿ ಕಾಣುವುದರ ಗುಟ್ಟು ಇದು. 2005ರಲ್ಲಿ ಸೊಲಾರಿಸ್ 10ರೊಂದಿಗೆ ಬಂದ ಡಿಟ್ರೇಸ್‌ನ ‘ಕಾಪಿಇನ್‌ಸ್ಟರ್’ ಬಳಸಿದವರಿಗೂ ಈ ಅನುಭವ ಹೊಸದಲ್ಲ.

ರೂಢಿಯಲ್ಲಿರುವ ಪರಿಹಾರವೆಂದರೆ ಪ್ರವೇಶದಲ್ಲಿ ಪಾಯಿಂಟರ್ ಅನ್ನು ಮಾತ್ರ ಉಳಿಸಿಟ್ಟು ನಿರ್ಗಮನದಲ್ಲಿ ಓದುವುದು. ಥ್ರೆಡ್ ಸಂಖ್ಯೆಯನ್ನು ಕೀ ಆಗಿ ಬಳಸಿ ಪಾಯಿಂಟರ್ ಅನ್ನು ಹ್ಯಾಶ್ ಮ್ಯಾಪ್‌ನಲ್ಲಿ ಇಡಿ. ‘ಸಿಸ್_ಎಕ್ಸಿಟ್’ ಬಂದಾಗ ಅದನ್ನು ತೆಗೆದು, ಓದಿ, ನಮೂದನ್ನು ಅಳಿಸಿ. ಅಷ್ಟು ಹೊತ್ತಿಗೆ ಕರ್ನಲ್ ಸ್ವತಃ ಆ ಪೇಜ್ ಅನ್ನು ಮುಟ್ಟಿರುವುದರಿಂದ ಓದು ಬಹುತೇಕ ಸಫಲವಾಗುತ್ತದೆ. ಪ್ರೋಬ್ ಜೋಡಿಸುವಾಗ ಈಗಾಗಲೇ ಕರೆಯ ನಡುವೆ ಇದ್ದ ಥ್ರೆಡ್‌ಗಳಿಗೆ ಪ್ರವೇಶದ ನಮೂದು ಇರುವುದಿಲ್ಲವಾದ್ದರಿಂದ ಅವನ್ನು ಬಿಟ್ಟುಬಿಡಬೇಕು. ಕರೆಯ ನಡುವೆಯೇ ಕೊನೆಗೊಂಡ ಥ್ರೆಡ್‌ಗಳ ನಮೂದುಗಳು ಉಳಿದುಕೊಳ್ಳುವುದರಿಂದ ಬಹುಕಾಲ ಬಳಸದ ನಮೂದನ್ನು ತಾನೇ ತೆಗೆದುಹಾಕುವ ಎಲ್‌ಆರ್‌ಯು ಬಗೆಯ ಮ್ಯಾಪ್ ಬಳಸುವುದು ಒಳ್ಳೆಯದು.

‘ಬಹುತೇಕ’ ಎಂದದ್ದಕ್ಕೆ ಕಾರಣವಿದೆ. ಓಪನ್‌ಎಟ್2ರಲ್ಲಿ ಫ್ಲ್ಯಾಗ್‌ಗಳು ತಪ್ಪಾಗಿದ್ದರೆ ಕರ್ನಲ್ ಹೆಸರನ್ನು ಓದುವ ಮೊದಲೇ ದೋಷವೆಂದು ಹಿಂತಿರುಗುತ್ತದೆ, ಪೇಜ್ ಒಳಗೆ ಬಂದೇ ಇರುವುದಿಲ್ಲ. ಎಕ್ಸೆಕ್‌ವಿಇ ಸಂಗತಿ ಇನ್ನೂ ಭಿನ್ನ: ಅದು ಸಫಲವಾದರೆ ಹಳೆಯ ವಿಳಾಸ ಆವರಣವೇ ಹೋಗಿರುತ್ತದೆ, ನಿರ್ಗಮನದ ಹೊತ್ತಿಗೆ ಉಳಿಸಿಟ್ಟ ಪಾಯಿಂಟರ್‌ಗೆ ಅರ್ಥವಿರುವುದಿಲ್ಲ. ಅದಕ್ಕಾಗಿ ‘ಶೆಡ್_ಪ್ರೊಸೆಸ್_ಎಕ್ಸೆಕ್’ ಟ್ರೇಸ್‌ಪಾಯಿಂಟ್‌ನಲ್ಲಿ ನಿಂತು, ಹೊಸ ಮೆಮೊರಿ ವಿವರಣೆಯ ‘ಆರ್ಗ್_ಸ್ಟಾರ್ಟ್’ನಿಂದ ‘ಆರ್ಗ್_ಎಂಡ್’ವರೆಗಿನ ಬೈಟ್‌ಗಳನ್ನು ಯೂಸರ್ ಓದಿನಿಂದ ಪಡೆಯಬೇಕು. ಕರ್ನಲ್ ಅವನ್ನು ಆಗಷ್ಟೇ ಹೊಸ ಸ್ಟ್ಯಾಕ್‌ಗೆ ಬರೆದಿರುವುದರಿಂದ ಅವು ಸಾಮಾನ್ಯವಾಗಿ ಕೈಗೆ ಸಿಗುತ್ತವೆ.

ರೀಡ್ ಮತ್ತು ರೈಟ್ ಕರೆಗಳ ಬಫರ್‌ಗಳಲ್ಲಿ ಯೋಚನೆಯ ದಿಕ್ಕು ಬೇರೆ. ರೈಟ್‌ನ ಮಾಹಿತಿ ಪ್ರವೇಶದಲ್ಲೇ ತಯಾರಿರುತ್ತದೆ. ರೀಡ್‌ನ ಬಫರ್ ತುಂಬುವುದು ನಿರ್ಗಮನದ ಹೊತ್ತಿಗೆ, ಅದೂ ಕರೆ ಹಿಂತಿರುಗಿಸಿದ ಬೈಟ್‌ಗಳಷ್ಟು ಮಾತ್ರ. ಕೇಳಿದ ಗಾತ್ರವನ್ನೇ ನಂಬಿ ಓದಿದರೆ ಹಳೆಯ ಬೈಟ್‌ಗಳು ಸೇರಿಕೊಳ್ಳುತ್ತವೆ.

2020ರ ಡಿಸೆಂಬರ್‌ನಲ್ಲಿ ಬಂದ 5.10ರಿಂದ ಇನ್ನೊಂದು ದಾರಿ ತೆರೆದಿದೆ. ಸ್ಲೀಪಬಲ್ (ಕಾಯಲು ಅನುಮತಿಯಿರುವ) ಎಂದು ಗುರುತಿಸಿದ ಪ್ರೋಗ್ರಾಮ್‌ಗಳು ‘ಬಿಪಿಎಫ್_ಕಾಪಿ_ಫ್ರಮ್_ಯೂಸರ್’ ಬಳಸಬಹುದು. ಇದು ಪೇಜ್ ಅನ್ನು ಒಳಗೆ ತರಿಸಿಕೊಂಡೇ ಓದುತ್ತದೆ. ಆದರೆ ಎಲ್ಲ ಜೋಡಣೆಯ ಜಾಗಗಳಲ್ಲೂ ಇದಕ್ಕೆ ಅವಕಾಶವಿಲ್ಲ. ಕಾಯಲು ಬರುವ ಕೆಲವು ಕರ್ನಲ್ ಫಂಕ್ಷನ್‌ಗಳು ಮತ್ತು ಕರ್ನಲ್‌ನ ಭದ್ರತಾ ತಪಾಸಣೆಯ ಜಾಗಗಳಾದ ಎಲ್‌ಎಸ್‌ಎಂ ಹುಕ್‌ಗಳಿಂದ ಇದು ಆರಂಭವಾಯಿತು. ಯೂಸರ್ ಪೇಜ್‌ಗಾಗಿ ಕಾಯುವಷ್ಟು ಹೊತ್ತು ಟ್ರೇಸ್ ಆಗುತ್ತಿರುವ ಪ್ರೊಸೆಸ್ ಕೂಡ ತಡೆಯುತ್ತದೆ ಎಂಬುದನ್ನು ಮರೆಯಬಾರದು.

5. ಗಾತ್ರ ಮತ್ತು ಸ್ಟ್ರಿಂಗ್

ಹೆಸರೊಂದನ್ನು ಓದಲು 256 ಬೈಟ್‌ಗಳ ನಿಶ್ಚಿತ ಗಾತ್ರದ ಓದನ್ನು ಬಳಸಬೇಡಿ. ಹೆಸರು ಪೇಜ್‌ನ ಕೊನೆಯ 20 ಬೈಟ್‌ಗಳಲ್ಲಿದ್ದು ಮುಂದಿನ ಪೇಜ್ ಮ್ಯಾಪ್ ಆಗಿರದಿದ್ದರೆ, ಹೆಸರು ಪೂರ್ತಿ ಇದ್ದರೂ ಓದು ವಿಫಲವಾಗಿ ಬಫರ್ ಸೊನ್ನೆಯಾಗುತ್ತದೆ. ಸ್ಟ್ರಿಂಗ್ ಹೆಲ್ಪರ್ ಕೊನೆಯ ಸೊನ್ನೆ ಬೈಟ್ ಸಿಕ್ಕ ಕೂಡಲೇ ನಿಲ್ಲುತ್ತದೆ. ಅದು ಹಿಂತಿರುಗಿಸುವ ಉದ್ದದಲ್ಲಿ ಆ ಸೊನ್ನೆ ಬೈಟ್ ಕೂಡ ಸೇರಿರುತ್ತದೆ. ಹೆಸರು ಬಫರ್‌ಗಿಂತ ಉದ್ದವಾಗಿದ್ದರೆ ಕತ್ತರಿಸಿ ಕೊನೆಗೆ ಸೊನ್ನೆ ಹಾಕುತ್ತದೆ, ಆದರೆ ಕತ್ತರಿಸಿದ್ದೇನೆಂದು ಹೇಳುವುದಿಲ್ಲ. ಉದ್ದ ಬಫರ್ ಗಾತ್ರಕ್ಕೆ ಸಮನಾಗಿದ್ದರೆ ಕತ್ತರಿಸಿರಬಹುದೆಂದು ನೀವೇ ಗುರುತು ಹಾಕಿಕೊಳ್ಳಬೇಕು.

ಸೊನ್ನೆ ಬೈಟ್‌ನ ಆಚೆಗೆ ಬಫರ್‌ನಲ್ಲಿ ಮೊದಲಿದ್ದುದೇ ಉಳಿಯುತ್ತದೆ. ಹಳೆಯ ಕೆಲವು ಕರ್ನಲ್‌ಗಳಲ್ಲಿ ಯೂಸರ್ ಮೆಮೊರಿಯ ಮುಂದಿನ ಕೆಲವು ಬೈಟ್‌ಗಳೂ ಅಲ್ಲಿಗೆ ಬಂದು ಬೀಳುತ್ತಿದ್ದವು. 2020ರಲ್ಲಿ ಅದನ್ನು ಸರಿಪಡಿಸಲಾಯಿತು. ಅಂಥ ಬಫರ್ ಅನ್ನು ಮ್ಯಾಪ್‌ನ ಕೀ ಆಗಿ ಬಳಸಿದರೆ ಒಂದೇ ಹೆಸರು ಹಲವು ನಮೂದುಗಳಾಗಿ ಒಡೆದು ಎಣಿಕೆ ಕೆಡುತ್ತದೆ. ಓದುವ ಮುನ್ನ ಬಫರ್ ಪೂರ್ತಿ ಸೊನ್ನೆ ಮಾಡುವುದೇ ನೇರ ಉಪಾಯ.

ಇಬಿಪಿಎಫ್ ಸ್ಟ್ಯಾಕ್ 512 ಬೈಟ್‌ಗಳದ್ದು. ಪಾಥ್ ಒಂದು 4096 ಬೈಟ್‌ವರೆಗೆ ಬೆಳೆಯಬಹುದು. ದೊಡ್ಡ ಓದುಗಳಿಗೆ ಒಂದೇ ನಮೂದಿನ ಪರ್-ಸಿಪಿಯು ಅರೇ (ಪ್ರತಿ ಸಿಪಿಯುಗೂ ಪ್ರತ್ಯೇಕ ಪ್ರತಿಯಿರುವ ಮ್ಯಾಪ್) ಬಳಸಿ ಅಥವಾ ದಾಖಲೆಗಳನ್ನು ಹೊರಗೆ ಕಳುಹಿಸುವ ರಿಂಗ್ ಬಫರ್‌ನಲ್ಲಿ ಜಾಗ ಕಾಯ್ದಿರಿಸಿ. ಓದುವ ಉದ್ದ ಚರವಾಗಿದ್ದರೆ ಅದರ ಮೇಲಿನ ಮಿತಿಯನ್ನು ವೆರಿಫೈಯರ್‌ಗೆ ಕಾಣುವಂತೆ ಬರೆಯಬೇಕು. ಉದ್ದವನ್ನು ಮಾಸ್ಕ್ ಮಾಡಿದರೆ ಅದು ಋಣವಾಗಲಾರದು ಎಂಬುದೂ ಜೊತೆಗೇ ಸಾಬೀತಾಗುತ್ತದೆ.

6. ಕರ್ನಲ್ ರಚನೆಗಳನ್ನು ಓದುವಾಗ

ಕರ್ನಲ್ ರಚನೆಗಳ ಸದಸ್ಯರ ಸ್ಥಾನ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ತಪ್ಪು ಸ್ಥಾನದ ಓದು ಕೂಡ ಸಫಲವೇ ಆಗುತ್ತದೆ, ಬರುವುದು ಮಾತ್ರ ಬೇರೆ ಸದಸ್ಯದ ಬೆಲೆ. ಆದ್ದರಿಂದ ಹೆಡರ್ ಫೈಲ್‌ಗಳಿಂದ ಸ್ಥಾನಗಳನ್ನು ಗಟ್ಟಿಯಾಗಿ ಬರೆಯದೆ, ಬಿಟಿಎಫ್ (ಕರ್ನಲ್‌ನ ರಚನೆಗಳ ವಿನ್ಯಾಸವನ್ನು ವಿವರಿಸುವ ಮಾಹಿತಿ) ಆಧಾರದ ಬಿಪಿಎಫ್_ಕೋರ್_ರೀಡ್ ಮ್ಯಾಕ್ರೊಗಳನ್ನು ಬಳಸಿ. ಲೋಡ್ ಆಗುವಾಗ ಓಡುತ್ತಿರುವ ಕರ್ನಲ್‌ಗೆ ತಕ್ಕಂತೆ ಅವು ಹೊಂದಿಕೊಳ್ಳುತ್ತವೆ. ಫಂಕ್ಷನ್‌ನ ಆರಂಭಕ್ಕೆ ಜೋಡಿಸುವ ಎಫ್-ಎಂಟ್ರಿ ಪ್ರೋಗ್ರಾಮ್‌ಗಳಲ್ಲಿ ಕರ್ನಲ್ ಪಾಯಿಂಟರ್‌ಗಳನ್ನು ಹೆಲ್ಪರ್ ಇಲ್ಲದೆ ನೇರವಾಗಿಯೇ ಹಿಂಬಾಲಿಸಬಹುದು. ಅಲ್ಲಿ ಫಾಲ್ಟ್ ಎದ್ದರೆ ಸಿಗುವುದು ಸೊನ್ನೆ, ದೋಷ ಸಂಖ್ಯೆಯಿಲ್ಲ. ಸೊನ್ನೆಗೆ ಬೇರೆ ಅರ್ಥವಿರುವ ಸದಸ್ಯಗಳಲ್ಲಿ ಇಂಥ ನೇರ ಓದಿಗಿಂತ ಮತ್ತು ಮ್ಯಾಕ್ರೊಗಿಂತ ಹೆಲ್ಪರ್ ಅನ್ನೇ ಕರೆದು ಫಲಿತಾಂಶ ನೋಡುವುದು ಮೇಲು.

ಲಾಕ್ ಹಿಡಿಯದೆ ಓದುತ್ತಿದ್ದೇವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಟ್ಟಿಯೊಂದನ್ನು ಹಿಂಬಾಲಿಸುವಾಗ ಅದರ ಕೊಂಡಿ ಆಗಲೇ ಬಿಡುಗಡೆಯಾಗಿ ಆ ಜಾಗ ಬೇರೊಂದು ವಸ್ತುವಿಗೆ ಹೋಗಿರಬಹುದು. ಓದು ಸಫಲ, ಬೆಲೆ ಅನ್ಯ.

7. ಯಾರ ಮೆಮೊರಿಯನ್ನು ಓದುತ್ತಿದ್ದೀರಿ

ಇಲ್ಲಿ ಹೇಳಿದ ಹೆಲ್ಪರ್‌ಗಳ ಯೂಸರ್ ಓದು ಯಾವಾಗಲೂ ಆ ಕ್ಷಣ ಸಿಪಿಯು ಮೇಲಿರುವ ಪ್ರೊಸೆಸ್‌ನ ಮೆಮೊರಿಯ ಮೇಲೆ ನಡೆಯುತ್ತದೆ. ಸಿಸ್ಟಮ್ ಕಾಲ್‌ನಲ್ಲಿ ಇದು ನಾವು ಬಯಸಿದ ಪ್ರೊಸೆಸ್ಸೇ. ನೆಟ್‌ವರ್ಕ್ ಪ್ಯಾಕೆಟ್ ಸ್ವೀಕರಿಸುವ ಇಂಟರಪ್ಟ್ ದಾರಿಯಲ್ಲಾದರೆ, ಇಂಟರಪ್ಟ್ ಬಂದಾಗ ಓಡುತ್ತಿದ್ದ ಸಂಬಂಧವಿಲ್ಲದ ಪ್ರೊಸೆಸ್. ಕರ್ನಲ್ ಥ್ರೆಡ್‌ಗಳಿಗೆ ಸ್ವಂತ ಯೂಸರ್ ಮೆಮೊರಿಯೇ ಇಲ್ಲ. 64 ಬಿಟ್ ಕರ್ನಲ್ ಮೇಲೆ ಓಡುವ 32 ಬಿಟ್ ಪ್ರೋಗ್ರಾಮ್‌ಗಳಲ್ಲಿ ಆರ್ಗ್ಯುಮೆಂಟ್ ಪಟ್ಟಿಯ ಪ್ರತಿ ಪಾಯಿಂಟರ್ 4 ಬೈಟ್‌ಗಳದ್ದು. ಎಂಟೆಂದು ಓದಿದರೆ ಎರಡು ಪಾಯಿಂಟರ್‌ಗಳು ಬೆಸೆದು ಅರ್ಥವಿಲ್ಲದ ವಿಳಾಸವಾಗುತ್ತದೆ.

8. ಭದ್ರತೆಗಾಗಿ ಟ್ರೇಸ್ ಮಾಡುವುದಾದರೆ

ಪ್ರೊಸೆಸ್‌ನ ಮೆಮೊರಿ ಅದರದೇ ಇನ್ನೊಂದು ಥ್ರೆಡ್‌ನ ಕೈಯಲ್ಲೂ ಇರುತ್ತದೆ. ನಾವು ಪ್ರವೇಶದಲ್ಲಿ ಓದಿದ ಹೆಸರನ್ನು ಕರ್ನಲ್ ಓದುವ ಮೊದಲು ಆ ಥ್ರೆಡ್ ಬದಲಿಸಬಹುದು; ನಿರ್ಗಮನದಲ್ಲಿ ಓದುವುದಾದರೆ ಕರ್ನಲ್ ಓದಿದ ನಂತರ ಬದಲಿಸಬಹುದು. ಕಾರ್ಯಕ್ಷಮತೆಯ ಅಧ್ಯಯನಕ್ಕೆ ಇದು ಗಣನೆಗೆ ಬಾರದ ಸಂಗತಿ, ಆದರೆ ಕಿಡಿಗೇಡಿ ಪ್ರೋಗ್ರಾಮ್ ಹಿಡಿಯಹೊರಟವರಿಗೆ ಇದೇ ಸೋಲಿನ ಜಾಗ. ಅವರು ಯೂಸರ್ ಮೆಮೊರಿಯನ್ನು ಬಿಟ್ಟು ಕರ್ನಲ್ ಮಾಡಿಕೊಂಡ ಪ್ರತಿಯನ್ನೇ ಓದಬೇಕು: ಫೈಲ್‌ಗೆ ‘ಡು_ಫಿಲ್ಪ್_ಓಪನ್’ಗೆ ಬರುವ ‘ಸ್ಟ್ರಕ್ಟ್ ಫೈಲ್‌ನೇಮ್’ನ ‘ನೇಮ್’, ಇಲ್ಲವೇ ಎಲ್‌ಎಸ್‌ಎಂನ ಫೈಲ್_ಓಪನ್ ಹುಕ್‌ನಲ್ಲಿ ‘ಬಿಪಿಎಫ್_ಡಿ_ಪಾಥ್’, ಸಾಕೆಟ್‌ಗೆ ‘ಸೆಕ್ಯುರಿಟಿ_ಸಾಕೆಟ್_ಕನೆಕ್ಟ್’. ಕೋರಿಕೆಗಳನ್ನು ಸರದಿಯಲ್ಲಿಟ್ಟು ಕರ್ನಲ್‌ಗೆ ಒಪ್ಪಿಸುವ ಐಒ-ಯುರಿಂಗ್ ಮೂಲಕ ತೆರೆದ ಫೈಲ್‌ಗಳು ಓಪನ್‌ಎಟ್‌ನ ಟ್ರೇಸ್‌ಪಾಯಿಂಟ್ ಮುಟ್ಟುವುದೇ ಇಲ್ಲವಾದ್ದರಿಂದಲೂ ಈ ಒಳಗಿನ ಜಾಗಗಳೇ ಸರಿ.

ಓದುವ ಅಧಿಕಾರವೂ ಮುಕ್ತವಲ್ಲ. 5.8ರಿಂದ ಕರ್ನಲ್ ಮೆಮೊರಿ ಓದುವ ಟ್ರೇಸಿಂಗ್ ಪ್ರೋಗ್ರಾಮ್‌ಗಳಿಗೆ ಕ್ಯಾಪ್_ಬಿಪಿಎಫ್ ಜೊತೆಗೆ ಕ್ಯಾಪ್_ಪರ್ಫ್‌ಮಾನ್ ಎಂಬ ಬಿಡಿ ಅಧಿಕಾರ ಸಾಕು, ಪೂರ್ಣ ರೂಟ್ ಬೇಕಿಲ್ಲ. ಕರ್ನಲ್ ಅನ್ನು ರೂಟ್‌ನಿಂದಲೂ ಕಾಯುವ ಲಾಕ್‌ಡೌನ್‌ನ ಕಾನ್ಫಿಡೆನ್ಷಿಯಾಲಿಟಿ ಮಟ್ಟದಲ್ಲಿ ಕರ್ನಲ್ ಓದುವ ಹೆಲ್ಪರ್‌ಗಳು ರೂಟ್‌ಗೂ ಸಿಗುವುದಿಲ್ಲ. ಉಪಕರಣ ಒಂದು ಯಂತ್ರದಲ್ಲಿ ನಡೆದು ಇನ್ನೊಂದರಲ್ಲಿ ಲೋಡ್ ಆಗದಿದ್ದರೆ ಇದನ್ನೊಮ್ಮೆ ನೋಡಿ.

9. ಕೆಟ್ಟ ಪಾಯಿಂಟರ್‌ಗಳನ್ನು ನೀವೇ ತಯಾರಿಸಿ ಪರೀಕ್ಷಿಸಿ

ಸಾಮಾನ್ಯ ಪ್ರೋಗ್ರಾಮ್‌ಗಳ ಮೇಲೆ ಓಡಿಸಿ ನೋಡುವುದು ಪರೀಕ್ಷೆಯಾಗದು, ಏಕೆಂದರೆ ಅವುಗಳ ಪಾಯಿಂಟರ್‌ಗಳು ಬಹುಪಾಲು ಸರಿಯಾಗಿಯೇ ಇರುತ್ತವೆ. ಒಂದು ಚಿಕ್ಕ ಸಿ ಪ್ರೋಗ್ರಾಮ್ ಬರೆಯಿರಿ. ಮೊದಲು, ಪಾಥ್ ಒಂದನ್ನು ಫೈಲ್‌ನಲ್ಲಿ ಬರೆದಿಟ್ಟು, ಆ ಫೈಲ್ ಅನ್ನು ಎಂಮ್ಯಾಪ್ ಮಾಡಿ, ಮುಟ್ಟದೆಯೇ ಆ ವಿಳಾಸವನ್ನು ಓಪನ್‌ಎಟ್‌ಗೆ ಕೊಡಿ: ಪ್ರವೇಶದ ಓದು -14 ಕೊಡಬೇಕು, ನಿರ್ಗಮನದ ಓದು ಹೆಸರನ್ನು ಕೊಡಬೇಕು. ಆಮೇಲೆ ಎರಡು ಪೇಜ್ ಮ್ಯಾಪ್ ಮಾಡಿ, ಎರಡನೆಯದನ್ನು ತೆಗೆದು, ಮೊದಲನೆಯದರ ಅಂಚಿಗೆ ಸರಿಯಾಗಿ ಮುಗಿಯುವಂತೆ ಹೆಸರು ಬರೆದು ಕೊಡಿ: ಸ್ಟ್ರಿಂಗ್ ಓದು ಸಫಲವಾಗಬೇಕು. ನಲ್ ಪಾಯಿಂಟರ್, ಕರ್ನಲ್ ವ್ಯಾಪ್ತಿಯ ಒಂದು ವಿಳಾಸ, ಬಫರ್‌ಗಿಂತ ಉದ್ದದ ಹೆಸರು, ಮತ್ತು ಇದೇ ಪ್ರೋಗ್ರಾಮ್‌ನ 32 ಬಿಟ್ ಬಿಲ್ಡ್, ಇವನ್ನೂ ಸೇರಿಸಿ. ಕರ್ನಲ್ ವಿಳಾಸ ಕೊಟ್ಟಾಗ ನಿಮ್ಮ ವರದಿಯಲ್ಲಿ ‘ಓದಲಾಗಲಿಲ್ಲ’ ಎಂಬುದರ ಬದಲು ಯಾವುದೇ ಬೈಟ್ ಕಾಣಿಸಿಕೊಂಡರೆ, ಎಲ್ಲೋ ಒಂದು ಕಡೆ ತಪ್ಪು ಹೆಲ್ಪರ್ ಉಳಿದಿದೆ ಎಂದರ್ಥ.